ಖಾಲಿ ಹೊಟ್ಟೆಯ ಸ್ಕ್ಯಾನು

ರುದ್ರಸ್ವಾಮಿ ಕೆಟ್ಟದ್ದು ನಾಲ್ಕು ಇಡ್ಲಿಯಿಂದ. ಹೊಟ್ಟೆಯ ಎಡಗಡೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತ್ತು. ತಾಳವಾಡಿಯಲ್ಲಿ ಅಲ್ಟ್ರಾಸೌಂಡ್ ಮಾಡಿದವರು, ಗಂಟೇನೋ ಕಾಣುತ್ತದೆ, ಎಂಥದ್ದು, ಎಷ್ಟು ಆಳಕ್ಕಿದೆ ಎಂದು ತಿಳಿಯಲು ಸಿ.ಟಿ. ಆಗಲೇಬೇಕು ಎಂದು ಚೀಟಿ ಬರೆದುಕೊಟ್ಟರು. ಚಾಮರಾಜನಗರಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾದವನು ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ಮುಗಿಸಿ ಹೋದ. ಮುಂದಿನ ಸೋಮವಾರ ಬನ್ನಿ ಎಂದು ವಾಪಸ್ ಕಳಿಸಿದರು. ಆ ಏಳು ದಿನ ಪಾಪ, ಗಂಟು ಒತ್ತಿ ನೋಡುವುದು, ರಾತ್ರಿ ಮಲಗಿದ ತನ್ನ ಹೆಣ್ಣುಮಕ್ಕಳ ಮುಖ ನೋಡುವುದು, ಇಷ್ಟೇ ಅವನ ಕೆಲಸ.

ಈ ಸೋಮವಾರ ಬಾಯಿಗೆ ಏನೂ ಇಡುವುದಿಲ್ಲವೆಂದು ಶಪಥ ಮಾಡಿ ಹೊರಟ. ಆದರೆ ಅವನ ಊರು ಗೆಟ್ಟವಾಡಿಯಲ್ಲಿ ಆಸ್ಪತ್ರೆಗೆ ಹೊರಟವನನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೆ? ಎದುರುಮನೆಯ ದೊಡ್ಡಮಾದಮ್ಮ ಕಜ್ಜಾಯದ ತಟ್ಟೆ ಹಿಡಿದು ದಾರಿಗೆ ಅಡ್ಡ ನಿಂತಳು.

"ಒಂದ್ ಕಜ್ಜಾಯ ತಿಂದ್ಬುಟ್ಟು ಓಗು ಮಗ."

"ಬ್ಯಾಡ ಕಣವ್ವ, ಮಿಷಿನ್ಗ ಗೊತ್ತಾಯ್ತದ."

"ಮಿಷಿನ್ಗ ನಾನ್ ಯೋಳ್ತೀನಿ, ತಿನ್ನು!"

ಜೊತೆಗೆ ಹೊರಟಿದ್ದ ಪಕ್ಕದ ಮನೆಯ ಷಡಕ್ಷರಿ ಒಮ್ಮೆ ಅತ್ತೆಗೆ ಸ್ಕ್ಯಾನ್ ಮಾಡಿಸಿದ್ದವನು, ಹಾಗಾಗಿ ಅರ್ಧ ಡಾಕ್ಟರು. "ಚೀಲಕ್ಕ ಆಕುಸ್ಕೊ ಅಣ್ಣ. ಸ್ಕ್ಯಾನ್ ಆದ್ಮ್ಯಾಲ ತಿಂದ್ರಾಯ್ತು" ಎಂದು ದಾರಿ ತೋರಿಸಿದ. ಅದನ್ನು ನೋಡಿ ಉಳಿದ ಮನೆಯವರೂ ಒಬ್ಬಟ್ಟು, ಎಳ್ಳಿನ ಚಿಗಳಿ, ಬಾಳೆಹಣ್ಣು ತಂದು ತುರುಕಿದರು. ಬಸ್ಸು ಹತ್ತುವಾಗ ಚೀಲ ತುಂಬುಗಬ್ಬದ ಹಸುವಿನ ಹಾಗಿತ್ತು.

ಬಸ್ಸಿನಲ್ಲಿ ತುಪ್ಪದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಷಡಕ್ಷರಿಯ ಬಾಯಿ ನಿಲ್ಲಲಿಲ್ಲ. "ಅಲ್ಟ್ರಾಸೌಂಡು ಅಂದ್ರ ಬಾಗ್ಲು ತಟ್ಟಿ ಒಳಗ ಯಾರು ಅಂತ ಕೇಳೋದು ಕಣಣ್ಣ. ಸಿ.ಟಿ. ಅಂದ್ರ ದೀಪ ಇಡ್ಕಂಡು ಒಳಕ್ಕೇ ನುಗ್ಗೋದು. ಎಂ.ಆರ್.ಐ. ಅಂದ್ರ ಒಳಗಿರೋನ ಜಾತ್ಕಾನೇ ಬರ್ಸೋದು!"

ಚಾಮರಾಜನಗರದ ಸ್ಕ್ಯಾನ್ ಸೆಂಟರಿನಲ್ಲಿ ಏನಾದರೂ ತಿಂದಿದ್ದೀರಾ ಎಂದು ಕೇಳಿದಾಗ ರುದ್ರಸ್ವಾಮಿಯ ಹೊಟ್ಟೆಯೇ ಗುರ್ರೆಂದು ಸಾಕ್ಷಿ ಹೇಳಿತು. "ಜ್ವಾಪಾನ ಕಣ್ಲಾ" ಎಂದು ಚೀಲವನ್ನು ಷಡಕ್ಷರಿಯ ಮಡಿಲಿಗಿಟ್ಟು ಒಳಗೆ ಹೋದ. ಫಿಲ್ಮಿನಲ್ಲಿ ಚೆನ್ನಾಗಿ ಕಾಣಲೆಂದು ಔಷಧಿ ಚುಚ್ಚಿದ್ದೇ ತಡ, ಮೈಯೆಲ್ಲ ಬಿಸಿಯೇರಿ ಪಂಚೆ ಒದ್ದೆಯಾಯಿತೆಂದು ನಾಚಿ ನೀರಾದ. ಮಿಷಿನಿನಿಂದ ಇಳಿದು ಮುಟ್ಟಿ ನೋಡಿದರೆ ಪಂಚೆ ಒಣಗಿಯೇ ಇತ್ತು.

ಹೊರಗೆ ಬಿಡದೆ ಅಲ್ಲೇ ಬೆಂಚಿನ ಮೇಲೆ ಎರಡು ಗಂಟೆ ಕಾಯಿಸಿ ಡಾಕ್ಟರು ಕೋಣೆಗೆ ಕರೆದು ಫಿಲ್ಮ್ ತೋರಿಸಿದರು. "ಇಲ್ಲಿ ಕಪ್ಪಗಿದೆಯಲ್ಲ, ಅದು ಕೊಬ್ಬು. ಚರ್ಮದ ಕೆಳಗೇ ಇರೋ ಬರೀ ಕೊಬ್ಬಿನ ಗಂಟು. ಹೆದರಬೇಡಿ."

ರುದ್ರಸ್ವಾಮಿಗೆ ಕಣ್ಣಲ್ಲಿ ನೀರೇ ಬಂತು.

"ಆದರೆ ಲಿವರಿಗೂ ಕೊಬ್ಬು ಕಟ್ಟಿದೆ. ಮೂರು ತಿಂಗಳು ಸಿಹಿ, ಕರಿದದ್ದು ಮುಟ್ಟಬಾರದು."

"ನಾಳಿಂದ ತಾನೆ ಸಾ?"

"ಇವತ್ತಿಂದ."

ಬಾಗಿಲಿಗೆ ಕಿವಿ ಕೊಟ್ಟಿದ್ದ ಷಡಕ್ಷರಿ ಆಗಲೇ ಊರಿಗೆ ಫೋನು ಹಚ್ಚಿದ್ದ. ರುದ್ರಸ್ವಾಮಿ ಚೀಲಕ್ಕೆ ಕೈ ಹಾಕಿದರೆ ಷಡಕ್ಷರಿ ಅದನ್ನು ಎದೆಗವಚಿಕೊಂಡ. "ಡಾಕ್ಟ್ರು ಯೋಳವ್ರ, ಮುಟ್ಕೂಡ್ದು!"

"ಒಂದೇ ಒಂದ್ ಕಜ್ಜಾಯ ಕಣ್ಲಾ. ನೆನ್ನ ರಾತ್ರಿಯಿಂದ ಉಪಾಸ ಇವ್ನಿ."

"ನಿನ್ ಜೀವ್ಕಿಂತ ಕಜ್ಜಾಯ ಎಚ್ಚಾ ಅಣ್ಣ?"

ಊರು ಬರುವವರೆಗೂ ಅವನು ಚೀಲ ಬಿಡಲಿಲ್ಲ. ಇರಲಿ, ಮನೆಗೆ ಹೋದ ಮೇಲೆ ಕೊಟ್ಟಿಗೆಯ ಹಿಂದೆ ನಿಂತು ಒಂದಾದರೂ ತಿನ್ನುತ್ತೇನೆ ಎಂದು ರುದ್ರಸ್ವಾಮಿ ಎಂಜಲು ನುಂಗಿಕೊಂಡ.

ಬಸ್ಸಿಳಿದರೆ ಹೆಂಡತಿ ಚನ್ನಮಲ್ಲಮ್ಮ, ದೊಡ್ಡಮಾದಮ್ಮ ಮತ್ತು ಬೆಳಿಗ್ಗೆ ತಿಂಡಿ ತುರುಕಿದವರೆಲ್ಲ ಕಾದು ನಿಂತಿದ್ದರು. "ತತ್ತಾ ಇಲ್ಲಿ ಚೀಲವ" ಎಂದು ದೊಡ್ಡಮಾದಮ್ಮ ಕಿತ್ತುಕೊಂಡು ಕೊಡವಿದಳು. ಬಿದ್ದದ್ದು ಎರಡು ಹಳೆಯ ಪೇಪರು, ಬಾಳೆಹಣ್ಣಿನ ಸಿಪ್ಪೆ, ಕಜ್ಜಾಯದ ಚೂರು.

"ಅಯ್ಯೋ ಶಿವ್ನೇ! ಅಷ್ಟುನ್ನೂವೆ ಮುಗಿಸ್ಬುಟ್ರಾ? ಡಾಕ್ಟ್ರು ಯೋಳಿ ಇನ್ನೂ ಒತ್ತು ಮುಳುಗಿಲ್ವಲ್ಲ!" ಎಂದು ಚನ್ನಮಲ್ಲಮ್ಮ ಹಣೆ ಚಚ್ಚಿಕೊಂಡಳು.

"ನಾನಲ್ಲ ಕಣಾ..." ರುದ್ರಸ್ವಾಮಿ ತಿರುಗಿ ನೋಡಿದ. ಷಡಕ್ಷರಿಯ ಮೀಸೆಯಲ್ಲಿ ಒಬ್ಬಟ್ಟಿನ ಹೂರಣವಿತ್ತು.

"ನಾನ್ ಎಷ್ಟ್ ಬ್ಯಾಡ ಅಂದ್ರೂ ಕೇಳ್ನಿಲ್ಲ ಅತ್ಗ" ಎಂದು ಷಡಕ್ಷರಿ ಮೀಸೆ ಒರೆಸಿಕೊಂಡು ತೇಗಿದ. ತೇಗು ಕೇಳಿ ಎಲ್ಲರೂ ನೋಡಿದ್ದು ರುದ್ರಸ್ವಾಮಿಯ ಹೊಟ್ಟೆಯನ್ನು.

"ಇವತ್ತು ನಿಮ್ಗ ಬರೀ ನೀರ್ಮಜ್ಗ" ಎಂದು ತೀರ್ಪು ಕೊಟ್ಟು ಚನ್ನಮಲ್ಲಮ್ಮ ಗಂಡನನ್ನು ದರದರ ಎಳೆದುಕೊಂಡು ಹೊರಟಳು.

ಹಿಂದಿನಿಂದ ದೊಡ್ಡಮಾದಮ್ಮನ ದನಿ ಕೇಳಿಸಿತು: "ಪಾಪ, ಬೆಳುಗ್ಗಿಂದ ಇಂಥೋನ್ ಜೊತ ಅಸ್ಕಂಡು ಅಲ್ದಿದ್ದೀಯ. ಬಾ ಷಡಕ್ಷರಿ, ಬಿಸಿ ಕಜ್ಜಾಯ ಇದ್ದವ, ತಿನ್ನೀಯಂತ."