ಅನರ್ಹ ಕಂಪ್ಯೂಟರ್, ಹಳೇ ರವಿಕೆ

ಕೆಜಿಎಫ್‌ನ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದೇನೆ. ಯಾವ ಮಾಲು ಅರ್ಹ, ಯಾವುದು ಅನರ್ಹ ಎಂದು ಹೇಳುವುದೇ ನನ್ನ ಕಸುಬು. ಅಂಥ ನನಗೇ ಕಂಪ್ಯೂಟರ್ ಹೇಳಿತು: "ಈ ಯಂತ್ರ ಹೊಸ ಸಿಸ್ಟಮ್‌ಗೆ ಅರ್ಹವಲ್ಲ." ಎಷ್ಟು ಪೊಗರು!

ಯಂತ್ರ ನನ್ನದಲ್ಲ, ಹೆಂಡತಿ ಸರೋಜಳದು. ಆಂಡರ್ಸನ್‌ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ರವಿಕೆಗಳಿಗೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕುತ್ತಾಳೆ. ಹನ್ನೆರಡು ವರ್ಷ ಅವಳೇ ಬಿಡಿಸಿದ ನವಿಲು, ಬಳ್ಳಿ, ಮಾವಿನಕಾಯಿ ಎಲ್ಲ ಅದರೊಳಗಿದ್ದವು.

"ಬ್ಯಾಡ ಅಂತ ಅದೇ ಬಾಯ್ಬಿಟ್ಟು ಯೋಳ್ತಾ ಐತಲ್ರೀ, ನಿಮಗ್ಯಾಕೆ?" ಎಂದಳು.

"ಸುಮ್ನಿರೇ! ಅರ್ಹತೆ ನೋಡೋ ಆ ಪರೀಕ್ಷೇನೇ ತಪ್ಪಿಸ್ಬಿಡೋ ದಾರಿ ವಿಡಿಯೋದಾಗೆ ತೋರ್ಸವ್ರೆ."

"ಡಿಸೈನೆಲ್ಲಾ ಬೇರೆ ಕಡೆ ತೆಗ್ದಿಟ್ರಾ?"

"ಇಟ್ಟಿದ್ದೀನಿ ಕಣೇ!"

ಇಟ್ಟದ್ದು ಸುಳ್ಳಲ್ಲ. ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿಟ್ಟಿದ್ದೆ. ಅರ್ಧ ದಾರಿಯಲ್ಲಿ ಹೊಸ ಸಿಸ್ಟಮ್ ಜಾಗ ಸಾಲದೆಂದು ತಕರಾರು ತೆಗೆಯಿತು. ಧಾರಾಳವಾಗಿ ಇಡೀ ಡಿಸ್ಕನ್ನೇ ಅಳಿಸಿಕೊಟ್ಟೆ! ಆಮೇಲೆ ಪರದೆಯ ಮೇಲೆ ಚುಕ್ಕಿಗಳು ಸುತ್ತಿದವು. ಮರುದಿನವೂ ಸುತ್ತುತ್ತಲೇ ಇದ್ದವು.

ರಿಪೇರಿ ಅಂಗಡಿಯವರು ನೋಡಿ, "ಎಲ್ಲಾಂ ಪೋಚ್ಚು ಸಾರ್, ಏನೂ ಉಳಿದಿಲ್ಲ" ಎಂದರು.

ಸರೋಜ ಅಳಲಿಲ್ಲ, ಬೈಯಲೂ ಇಲ್ಲ. "ಮದ್ವೆ ಆರ್ಡರ್ ಐತೆ. ಬಂಗಾರಪೇಟೆ ಗಿರಾಕಿಗಳ ಮನೆಗೋಗಿ, ನಾನು ಆಕ್ಕೊಟ್ಟಿರೋ ಹಳೇ ರವಿಕೆ ಈಸ್ಕೊಂಡ್ ಬನ್ನಿ. ನೋಡ್ಕೊಂಡು ಮತ್ತೆ ಬಿಡಿಸ್ತೀನಿ" ಎಂದಳು.

ಐವತ್ತೈದರ ಗಂಡಸು ಪರರ ಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ನಿಮ್ಮ ಹಳೇ ರವಿಕೆ ಇದ್ರೆ ಕೊಡಿ" ಎಂದು ಕೇಳುವ ಸ್ಥಿತಿ ಶತ್ರುವಿಗೂ ಬೇಡ! ಮೊದಲ ಮನೆಯ ಬಾಗಿಲು ಮುಖಕ್ಕೇ ಮುಚ್ಚಿತು. ಎರಡನೆಯ ಮನೆಯಲ್ಲಿ ಗಂಡ ಎದ್ದು ಬಂದ. "ಏನ್ಲಾ ಅದು? ಇನ್ನೊಂದ್ಸಲ ಯೋಳು!" ನಾನು ಹೇಳಲಿಲ್ಲ, ಓಡಿದೆ. ಕೊನೆಗೆ ಅಜ್ಜಿಯೊಬ್ಬರು ಕನಿಕರಪಟ್ಟು, ಸೊಸೆಯ ಎರಡು ರವಿಕೆ ತಂದು ಮುಂದಿಟ್ಟರು.

"ಒಂದು ನಿಮ್ಮೆಂಡ್ರು ಆಕಿದ್ದು, ಇನ್ನೊಂದು ಬೆಂಗ್ಳೂರಾಗೆ ಆಕ್ಸಿದ್ದು. ಯಾವ್ದು ಯಾವ್ದೋ ನಂಗೊತ್ತಿಲ್ಲ ಕಣಪ್ಪ. ನೀನೇ ನೋಡಿ ತಗೊಂಡೋಗು."

ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಹಿಂದೆಮುಂದೆ ತಿರುಗಿಸಿ, ಒಂದನ್ನು ಆರಿಸಿದೆ. ಎಂಥ ಅಂದವಾದ ನವಿಲು!

ಮನೆಯಲ್ಲಿ ಸರೋಜ ಅದನ್ನು ತೊಡೆಯ ಮೇಲೆ ಹರಡಿಕೊಂಡಳು. "ಇದು ನಂದಲ್ಲ."

"ನವಿಲು ಐತಲ್ಲೇ..."

"ಅನ್ನೆರಡು ವರ್ಷ ಪಕ್ಕದಾಗೇ ಕೂತು ಟೀ ಕುಡಿದ್ರಲ್ಲ. ಒಂದಿನಾನಾದ್ರೂ ನನ್ ಕೆಲ್ಸ ನೋಡಿದ್ರಾ?"

ಎಲ್ಲ ಅಳಿಸಿಹೋದಾಗಲೂ ಅಳದವಳು ಈಗ ಅತ್ತಳು. ನಾನು ರವಿಕೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಬದಲಾಯಿಸಿ ತರಲು ಮತ್ತೆ ಬಂಗಾರಪೇಟೆಯ ರೈಲು ಹತ್ತಿದೆ. ಅವಳದು ಯಾವುದೆಂದು ಈಗ ಖಚಿತವಾಗಿ ಗೊತ್ತಿತ್ತು. ಅಷ್ಟೇನೂ ಚೆನ್ನಾಗಿಲ್ಲವೆಂದು ನಾನು ಬಿಟ್ಟುಬಂದದ್ದು!