ಅನೀಶನ ಕಸವಿಲ್ಲದ ಬಿಯರ್

"ಈ ಸಲ ಒಂದೇ ಒಂದು ಚೂರು ಕಸ ಸಿಕ್ಕಿದ್ರೆ ನನ್ನ ಹೆಸರು ಅನೀಶನೇ ಅಲ್ಲ!" ಎಂದು ಅನೀಶ ಮೂರು ದಿನದಿಂದ ಫೋನಿನಲ್ಲಿ ಊರಿಗೆಲ್ಲ ಸಾರುತ್ತಿದ್ದ. ಕಡಲಾಚೆಯ ಮಾಂಟ್ ಕಿಯಾರಾ ಬಡಾವಣೆಯ ಹದಿನೇಳನೇ ಮಹಡಿಯಲ್ಲಿ ಕೂತು, ಮನೆಯಲ್ಲೇ ಬಿಯರ್ ತಯಾರಿಸುವ ಮಹಾನುಭಾವ ಅವನು! ಹೋದ ಸಲ ಅದನ್ನು ಕುಡಿದ ಸಹೋದ್ಯೋಗಿ ಜಯರಾಮ, ಹಲ್ಲಿಗೆ ಸಿಕ್ಕಿದ ಹಾಪ್ಸ್ ಹೂವಿನ ಚೂರನ್ನು ಟಿಶ್ಯೂ ಮೇಲಿಟ್ಟು ಇಡೀ ಆಫೀಸಿಗೆ ತೋರಿಸಿದ್ದ. ಹೋದ ಮಾನ ಇವತ್ತು ವಾಪಸ್ ಬರಬೇಕಿತ್ತು. ಜಯರಾಮ ಐದು ಗಂಟೆಗೆ ಬರುವವನಿದ್ದ.

ಮೂರು ಗಂಟೆಗೆ, ಬಿಯರ್ ತುಂಬಿಟ್ಟಿದ್ದ ಪುಟ್ಟ ಪೀಪಾಯಿ, ಅಂದರೆ ಕೆಗ್ಗಿನ ನಲ್ಲಿ ತಿರುಗಿಸಿದ. ಬುಸ್ ಎಂದಿತು, ಅಷ್ಟೇ! ಘಮ ಹೆಚ್ಚಲಿ ಎಂದು ಧಾರಾಳವಾಗಿ ಸುರಿದಿದ್ದ ಹಾಪ್ಸ್ ಒಳಗಿನ ಕೊಳವೆಗೇ ಕಟ್ಟಿಕೊಂಡಿತ್ತು. ಅಡುಗೆಮನೆಯಲ್ಲಿ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕಿದ. ಕೊನೆಗೆ ಕೆಗ್ಗಿನೊಳಗಿನ ಗ್ಯಾಸ್ ಹೊರಬಿಟ್ಟು, ಮುಚ್ಚಳ ತೆಗೆದು, ಐದು ಲೀಟರನ್ನೂ ಹುಳಿ ಮಾಡುವ ಪಾತ್ರೆಗೆ ಬಗ್ಗಿಸಿದ. ಅಯ್ಯೋ, ಮೇಲೆಲ್ಲ ಹಸಿರು ಪುಡಿ!

"ಇದೇನು ಅಳಿಯಂದ್ರೇ?" ಮೈಸೂರಿನಿಂದ ಬಂದಿದ್ದ ಅತ್ತೆ ಸೀತಾಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದರು.

"ಕ... ಕಷಾಯ ಅತ್ತೆ. ಹೊಟ್ಟೆಗೆ ಒಳ್ಳೇದು."

ನಡುಮನೆಯಲ್ಲಿದ್ದ ಹೆಂಡತಿ ಇಂಚರ ಜೋರಾಗಿ ಕೆಮ್ಮಿದಳು.

ಟೀ ಸೋಸುವ ಜಾಲರಿಯಲ್ಲಿ ಪುಡಿ ಸಲೀಸಾಗಿ ಇಳಿದುಹೋಯಿತು. ತೆಳು ಬಟ್ಟೆಯೇ ಬೇಕು! ಅನೀಶ ಬ್ರಿಕ್‌ಫೀಲ್ಡ್ಸ್‌ನ ತಮಿಳರ ಬಟ್ಟೆ ಅಂಗಡಿಗೆ ಓಡಿದ. ಟ್ರಾಫಿಕ್ಕಿನಲ್ಲಿ ಉಗುರು ಕಚ್ಚಿಕೊಂಡು ಮನೆ ಸೇರುವಾಗ ನಾಲ್ಕೂಮುಕ್ಕಾಲು. ಲಿಫ್ಟಿನವರೆಗೂ ಮೆಣಸಿನ ಘಾಟು!

"ಬುರುಬುರು ನೊರೆ ಬರ್ತಿತ್ತು, ಅರ್ಧಕ್ಕೆ ಇಳಿಯೋವರೆಗೂ ಕುದಿಸ್ಬಿಟ್ಟೆ," ಎಂದರು ಅತ್ತೆ. "ಮೆಣಸು, ಬೆಲ್ಲ ಹಾಕಿ ಹಳೇ ಕಾಟನ್ ಸೀರೇಲಿ ಸೋಸಿದೀನಿ. ಒಂದು ಚೂರು ಕಸ ಇದ್ರೆ ಕೇಳಿ!"

ಕಸ ಇರಲಿಲ್ಲ. ಬಿಯರೂ ಇರಲಿಲ್ಲ!

"ನೀನಾದ್ರೂ ತಡೀಬಾರ್ದಿತ್ತಾ?" ಅನೀಶ ಹೆಂಡತಿಯ ಮೇಲೆ ಹಲ್ಲು ಕಡಿದ.

"ತಡೆದಿದ್ರೆ ಅದೇನು ಅಂತ ಅಮ್ಮಂಗೆ ಹೇಳ್ಬೇಕಿತ್ತಲ್ಲ!"

ಅಷ್ಟರಲ್ಲಿ ಬೆಲ್ ಆಯಿತು. ಅನೀಶ ಬಾಯಿ ತೆರೆಯುವ ಮೊದಲೇ ಅತ್ತೆ ಐಸ್ ಹಾಕಿದ ಗ್ಲಾಸನ್ನು ಜಯರಾಮನ ಕೈಗಿಟ್ಟು ಒಳಗೆ ಹೋದರು. ಜಯರಾಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಪತ್ತೇದಾರನ ಹಾಗೆ ತಿರುಗಿಸಿ ನೋಡಿದ. ಗುಟುಕರಿಸಿದ. ಕಣ್ಣು ಮುಚ್ಚಿದ.

"ಸೂಪರ್ ಲಾ! ಗ್ಯಾಸ್ ಸ್ವಲ್ಪ ಕಮ್ಮಿ, ಆದ್ರೆ ಒಂದು ಚೂರೂ ಕಸ ಇಲ್ಲ. ಅಂತೂ ನಿಂಗೆ ಬಿಯರ್ ಮಾಡೋಕೆ ಬಂತು!"

ಇನ್ನೊಂದು ಗ್ಲಾಸ್ ಹಿಡಿದು ಅತ್ತೆ ಜಯರಾಮನ ಬೆನ್ನ ಹಿಂದೆಯೇ ನಿಂತಿದ್ದರು! ಅವರು ಗ್ಲಾಸನ್ನು ಅತಿಥಿಗೆ ಕೊಟ್ಟು, ಅಳಿಯನ ಕಿವಿಯ ಹತ್ತಿರ ಬಗ್ಗಿದರು.

"ಬಿಯರ್ ಅಂತ ನಂಗೆ ಗೊತ್ತಿಲ್ವಾ ಅಳಿಯಂದ್ರೇ? ಅಮಲು ಹೋಗ್ಲಿ ಅಂತಾನೇ ಕುದಿಸಿದ್ದು. ನಿಮ್ಮ ಮಾನ ಉಳೀಲಿ ಅಂತ ಸೋಸಿದ್ದು!"