ನನಗಿಂತ ಕಿರಿಯಳಾದ ದೊಡ್ಡಮ್ಮ

ಪ್ರತಿಯೊಬ್ಬ ನಾಗರಿಕನೂ ಯಾವುದಾದರೂ ಒಂದು ದಿನ ಹುಟ್ಟಿರತಕ್ಕದ್ದು. ಇದು ಜನನ ದಾಖಲೆ ಕಚೇರಿಯ ಮೊದಲನೆಯ ನಿಯಮ. ಇದನ್ನು ಹಿಂದಿನ ಯಾವ ನೌಕರರೂ ಪೂರ್ತಿ ಜಾರಿಗೆ ತಂದಿರಲಿಲ್ಲ. ತಂದವಳು ನಾನು, ಅದೂ ಒಂದೇ ಸಾಲಿನಲ್ಲಿ.

ಹತ್ತಾರು ದೇಶಗಳ ನೀರು ಕುಡಿದು ಎಲ್ಲೂ ಕಾಲು ನಿಲ್ಲದೆ ಬಂದ ನನ್ನನ್ನು ಕಚೇರಿಯವರು ಕೆಲಸಕ್ಕೆ ತೆಗೆದುಕೊಂಡದ್ದು, ಇಷ್ಟು ವಿಮಾನ ಹತ್ತಿಳಿದವಳಿಗೆ ದಿನಾಂಕಗಳ ಬಗ್ಗೆ ಗೊತ್ತಿದ್ದೇ ಇರುತ್ತದೆ ಎಂಬ ನಂಬಿಕೆಯಿಂದ. ಆ ನಂಬಿಕೆಗೆ ನಾನು ಅಡ್ಡಿಮಾಡಲಿಲ್ಲ.

ಹಳೆಯ ದಾಖಲೆಗಳೆಲ್ಲ ಜೇಸನ್ ಎಂಬ ರೂಪದಲ್ಲಿ ಬಂದವು. ಜೇಸನ್ ಎಂದರೆ ಮಾಹಿತಿಯ ಗಂಟು. ಬಿಚ್ಚಿದರೆ ಹೆಸರು, ವಿಳಾಸ, ಅಂಕಿ ಎಲ್ಲ ಸಿಗುತ್ತವೆ. ದಿನಾಂಕ ಮಾತ್ರ ಸಿಗುವುದಿಲ್ಲ, ದಿನಾಂಕದಂತೆ ಕಾಣುವ ಬರೀ ಅಕ್ಷರಗಳು ಸಿಗುತ್ತವೆ. ಆ ಅಕ್ಷರಗಳನ್ನು, ಯಂತ್ರ ವಯಸ್ಸು ಲೆಕ್ಕಹಾಕಬಲ್ಲ ನಿಜವಾದ ದಿನಾಂಕವನ್ನಾಗಿ ಮಾರ್ಪಡಿಸುವುದು ನನ್ನ ಕೆಲಸ. ಒಂದು ಸಾಲು ಬರೆದೆ. ಪರೀಕ್ಷೆಗೆಂದು ನನ್ನದೇ ಜನ್ಮದಿನ ಕೊಟ್ಟೆ. ಸರಿಯಾಗಿ ೧೯೬೮ ಎಂದು ಬಂತು. ಜಗತ್ತಿನಲ್ಲಿ ಎಲ್ಲರೂ ನನ್ನ ಹಾಗೆಯೇ ಹುಟ್ಟಿರುತ್ತಾರೆಂದು ತೀರ್ಮಾನಿಸಿ ಮನೆಗೆ ಹೋದೆ.

ಎಲ್ಲರೂ ಹಾಗೆ ಹುಟ್ಟಿರಲಿಲ್ಲ. ಎಷ್ಟೋ ಜನರ ಜನ್ಮದಿನದ ಜಾಗ ಖಾಲಿಯಿತ್ತು. ನಾನು ಬಳಸಿದ ಪ್ರೋಗ್ರಾಮಿಂಗ್ ಭಾಷೆಗೆ ‘ಗೊತ್ತಿಲ್ಲ’ ಎನ್ನುವ ಅಭ್ಯಾಸವಿಲ್ಲ. ಈ ವಿಷಯದಲ್ಲಿ ಅದು ನನ್ನಂತೆಯೇ. ಖಾಲಿ ಕಂಡರೆ ಸೊನ್ನೆ ಎಂದುಕೊಳ್ಳುತ್ತದೆ. ಸೊನ್ನೆ ಎಂದರೆ ಅದು ಕಾಲವನ್ನು ಎಣಿಸಲು ಶುರುಮಾಡುವ ದಿನ, ೧೯೭೦ರ ಜನವರಿ ಒಂದು. ಹೀಗೆ ಸಾವಿರಾರು ಮಂದಿ ಅಂದು ಒಟ್ಟಿಗೆ ಹುಟ್ಟಿದರು. ಹೆರಿಗೆ ಸುಸೂತ್ರವಾಯಿತು.

“ಒಂದು ಜಾಗವೂ ಖಾಲಿಯಿಲ್ಲ! ಭೇಷ್ ಮೇಡಂ!” ಎಂದ ಮೇಲಧಿಕಾರಿಗಳು ಮೆಚ್ಚುಗೆ ಪತ್ರ ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿ ಮೇಜಿನ ಮೇಲೆ, ಬಂದವರಿಗೆ ಕಾಣುವ ಹಾಗೆ ಇಟ್ಟುಕೊಂಡೆ.

ಅದನ್ನು ಕಾಣಲಾಗದವರಲ್ಲಿ ಮೊದಲು ಬಂದವಳು ನನ್ನ ದೊಡ್ಡಮ್ಮ. ನನ್ನನ್ನು ಸಾಕಿ ಬೆಳೆಸಿದವಳು. ಎರಡೂ ಕಣ್ಣಿಗೆ ಪೊರೆ. ಬೇಗ ಆಪರೇಷನ್ ಆಗದಿದ್ದರೆ ದೃಷ್ಟಿ ಹೋದಂತೆಯೇ ಎಂದು ವೈದ್ಯರು ಹೇಳಿದ್ದರು. ಎಪ್ಪತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಉಂಟು. ಜನ್ಮದಿನವಿಲ್ಲದವರಿಗೆ ಮೊದಲೆಲ್ಲ ಮುಖ ನೋಡಿ ವಯಸ್ಸು ಬರೆಯುತ್ತಿದ್ದರು. ಈಗ ಯಂತ್ರ ನೋಡುತ್ತಾರೆ.

ಗೋಡೆ ತಡವಿಕೊಂಡು ಬಂದು ನನ್ನ ಮೇಜಿನ ಮುಂದೆ ಕೂತಳು. “ಏನೇ, ನಾನು ನಿಮ್ಮಮ್ಮನ ಅಕ್ಕ. ನಿನಗಿಂತ ಚಿಕ್ಕವಳು ಹೇಗಾದೆ?”

“ಅದು ತಾತ್ಕಾಲಿಕ, ದೊಡ್ಡಮ್ಮ.”

“ಯಾವುದು? ವಯಸ್ಸಾ, ಕಣ್ಣಾ?”

“ನೀನು ಯಾವತ್ತು ಹುಟ್ಟಿದ್ದು ಅಂತ ಯಾರೂ ಬರೆದಿಡಲಿಲ್ವಾ?”

“ಮೂರನೇ ಹೆಣ್ಣು ಕಣೇ. ಹುಟ್ಟಿದ್ದೇ ಹೆಚ್ಚು, ಬರೆದು ಬೇರೆ ಇಡ್ತಾರಾ?”

ನಾನು ಮೇಲಧಿಕಾರಿಗಳ ಬಳಿಗೆ ಹೋದೆ. “ಸರ್, ತಪ್ಪು ನನ್ನದು. ಖಾಲಿ ಇದ್ದರೆ ಖಾಲಿಯೇ ಬಿಡು ಅಂತ ಇನ್ನೊಂದು ಸಾಲು ಸೇರಿಸಿದರೆ ಸರಿಹೋಗುತ್ತೆ.”

“ತಪ್ಪು ಅಂತ ನೀವು ಹೇಳಿಬಿಟ್ಟರೆ ಆಯ್ತಾ ಮೇಡಂ? ಮೆಚ್ಚುಗೆ ಪತ್ರ ಕೊಟ್ಟಾಗಿದೆ. ಮೆಚ್ಚುಗೆ ಪಡೆದ ಕೆಲಸದಲ್ಲಿ ತಪ್ಪಿರೋದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.”

ಆದರೂ ಅವರು ಕಲ್ಲುಹೃದಯದವರಲ್ಲ. ಮರುದಿನವೇ ಪ್ರಕಟಣೆ ಹೊರಡಿಸಿದರು: “ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಜನನವನ್ನು ಒಪ್ಪದವರು, ಅದನ್ನು ಕಣ್ಣಾರೆ ಕಂಡ ಹಿರಿಯ ಸಾಕ್ಷಿಯೊಬ್ಬರನ್ನು ಹಾಜರುಪಡಿಸತಕ್ಕದ್ದು. ಸಾಕ್ಷಿಯ ಹಿರಿತನವನ್ನು ಯಂತ್ರದಲ್ಲಿ ಪರಿಶೀಲಿಸಲಾಗುವುದು.”

ದೊಡ್ಡಮ್ಮನ ಓರಗೆಯವರೆಲ್ಲ ಅವಳೊಂದಿಗೆ ಅದೇ ಬೆಳಿಗ್ಗೆ ಹುಟ್ಟಿದ್ದರು. ಮನೆತನದಲ್ಲಿ ಅವಳಿಗಿಂತ ಹಿರಿಯರೆಂದು ಯಂತ್ರ ಒಪ್ಪಿದ್ದು ನನ್ನೊಬ್ಬಳನ್ನೇ.

ಆಗ ಮೇಲಧಿಕಾರಿಗಳು ನಿಯಮ ಪುಸ್ತಕದ ಇನ್ನೊಂದು ಪುಟ ತೆರೆದು ತೋರಿಸಿದರು. ನೌಕರರನ್ನು ಆಶ್ರಯಿಸಿದ ತಮ್ಮ-ತಂಗಿಯರಿಗೂ, ವಯಸ್ಸು ಎಷ್ಟೇ ಇರಲಿ, ಆಪರೇಷನ್ ಉಂಟು. “ನಿಮಗೆ ತಂಗಿ ಇದ್ದಾರಾ ಮೇಡಂ?” ಎಂದು ಕೇಳಿದರು.

“ಈಗ ಇದ್ದಾಳೆ ಸರ್” ಎಂದೆ. ಅವಳು ಹುಟ್ಟಿದ್ದನ್ನು ನನ್ನ ಎರಡನೇ ವರ್ಷದಲ್ಲಿ ಕಣ್ಣಾರೆ ಕಂಡೆನೆಂದು ಸಹಿ ಹಾಕಿದೆ. ಮಗು ಮುದ್ದಾಗಿತ್ತೆಂದೂ ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ನರ್ಸು, “ಯಾರು ಕಾಣ್ತಿದ್ದಾರೆ, ಹೇಳಿ ನೋಡೋಣ” ಎಂದರು.

ದೊಡ್ಡಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಮುಖವನ್ನು ಸ್ಪಷ್ಟವಾಗಿ ನೋಡಿ ಅವಳಿಗೆ ವರ್ಷಗಳಾಗಿದ್ದವು.

“ನನ್ನ ಅಕ್ಕ” ಎಂದಳು. “ಪಾಪ, ಸುತ್ತಿ ಸುತ್ತಿ ಎಷ್ಟು ಮುದುಕಿಯಾಗಿಬಿಟ್ಟಿದ್ದಾಳೆ!”

ನರ್ಸು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು.

ಮೊನ್ನೆ ಮೇಲಧಿಕಾರಿಗಳಿಗೆ ವರ್ಗವಾಯಿತು. ಹೊಸಬರು ಬಂದವರೇ ನನ್ನನ್ನು ಕರೆದು, “ಅದೇನೋ ಒಂದು ಸಾಲು ಸೇರಿಸಬೇಕು ಅಂದಿದ್ದಿರಂತೆ? ಸೇರಿಸಿ ಮೇಡಂ, ನನ್ನದೇನೂ ಅಡ್ಡಿಯಿಲ್ಲ” ಎಂದರು.

“ಈಗಲೇ ಬೇಡ ಸರ್” ಎಂದೆ. “ತಂಗಿಗೆ ಇನ್ನೊಂದು ಕಣ್ಣು ಬಾಕಿಯಿದೆ. ಒಂದು ಕಣ್ಣು ತಂಗಿಯದು, ಇನ್ನೊಂದು ದೊಡ್ಡಮ್ಮನದು ಆಗಿಬಿಟ್ಟರೆ, ಪಾಪ, ಆಸ್ಪತ್ರೆಯವರು ಯಾರ ಮುಖಕ್ಕೆ ಪಟ್ಟಿ ಕಟ್ಟಬೇಕು?”

ಅವರು ಸ್ವಲ್ಪ ಯೋಚಿಸಿ, ನ್ಯಾಯವಾದ ಮಾತು ಎಂದು ತಲೆಯಾಡಿಸಿದರು.